1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರಾಟಕ್ಕಿದೆ, ಪೂರ್ತಿ ರಿಸ್ಟೋರ್ ಮಾಡಿದ್ದಂತೆ. ತಗೊಳ್ಳಲಾ?

ಕೊವೆಂಟ್ರಿ_ಹುಡುಗ
ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ಗಾಡಿ ಬಲ್ಲವರು ಇದ್ದಾರೆ, ಅದಕ್ಕೇ ಕೇಳುತ್ತಿದ್ದೇನೆ. ನಾನು ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಏಳು ವರ್ಷ ಆಯ್ತು. ಮೇಲ್ಛಾವಣಿ ತೆಗೆದು ಓಡಿಸುವ ಹಳೇ ಬ್ರಿಟಿಷ್ ಗಾಡಿ ಒಂದು ಬೇಕು ಅನ್ನೋದು ಬಹಳ ದಿನದ ಆಸೆ. ಹೋದ ವಾರ ಮನೆಯಿಂದ ನಲವತ್ತು ಮೈಲಿ ದೂರದಲ್ಲಿ ಒಂದು ಕಂಡಿತು. 1968ರ ಸ್ಪಿಟ್‌ಫೈರ್ ಮಾರ್ಕ್ 3, 1296 ಸಿಸಿ, ಕೆಂಪು ಬಣ್ಣ, ಕಪ್ಪು ಸೀಟು, ವೈರ್ ವೀಲ್ (ಕಡ್ಡಿ ಚಕ್ರ), ಓವರ್‌ಡ್ರೈವ್ (ವೇಗವಾಗಿ ಹೋಗುವಾಗ ಎಂಜಿನ್ ತಿರುಗುವುದನ್ನು ತಗ್ಗಿಸುವ ಹೆಚ್ಚುವರಿ ಗೇರ್) ಕೂಡ ಇದೆ. ಕೇಳುತ್ತಿರುವುದು 11,500 ಪೌಂಡ್. "ಬುಡದಿಂದ ರಿಸ್ಟೋರ್ ಮಾಡಿದ್ದು, ಇನ್ನು ಕೈ ಹಾಕುವ ಕೆಲಸ ಏನೂ ಇಲ್ಲ" ಅಂತ ಬರೆದಿದ್ದಾರೆ. 28 ಫೋಟೋ ಹಾಕಿದ್ದಾರೆ, ಒಂದೊಂದೂ ಮಿರಮಿರ ಹೊಳೆಯುತ್ತಿದೆ. ಈ ಗಾಡಿ ತಯಾರಾಗಿದ್ದು ನಮ್ಮೂರಿನ ಕ್ಯಾನ್ಲಿಯಲ್ಲೇ, ನಮ್ಮ ಮನೆಯಿಂದ ಮೂರು ಮೈಲಿ. ಅದನ್ನು ಓದಿದ ಮೇಲಂತೂ ಮನಸ್ಸು ಅಲ್ಲೇ ಅಂಟಿಕೊಂಡಿದೆ.

ಶನಿವಾರ ನೋಡಲು ಹೋಗುತ್ತಿದ್ದೇನೆ. ಏನೇನು ನೋಡಬೇಕು, ಬೆಲೆ ಸರಿ ಇದೆಯಾ, ಹೇಳಿ.

ಸ್ಪ್ಯಾನರ್_ಶೆಟ್ಟಿ
28 ಫೋಟೋದಲ್ಲಿ ಗಾಡಿಯ ಅಡಿಭಾಗದ್ದು ಎಷ್ಟಿವೆ ಮಾರಾಯ?

ಕೊವೆಂಟ್ರಿ_ಹುಡುಗ
ಒಂದೂ ಇಲ್ಲ ಶೆಟ್ರೇ. ಈಗ ನೀವು ಕೇಳಿದ ಮೇಲೆ ನೋಡಿದೆ.

ಸ್ಪ್ಯಾನರ್_ಶೆಟ್ಟಿ
ಹಾಗಾದರೆ ಇವತ್ತೇ ಫೋನ್ ಮಾಡಿ ಎರಡು ಮಾತು ಕೇಳು. ಅಡಿಭಾಗದ ಫೋಟೋ ಕಳಿಸಿ ಅನ್ನು. ರಿಸ್ಟೋರ್ ಮಾಡುವಾಗ ತೆಗೆದ ಫೋಟೋ ಆಲ್ಬಮ್ ಇದೆಯಾ ಕೇಳು. ನಾನು 1500 ಮಾಡೆಲ್ ಸ್ಪಿಟ್‌ಫೈರ್ ಇಟ್ಟುಕೊಂಡು ಒಂಬತ್ತು ವರ್ಷ ಆಯ್ತು. ನನ್ನ ಅನುಭವದಲ್ಲಿ ರಿಸ್ಟೋರ್ ಅನ್ನೋ ಪದಕ್ಕೆ ಬೆಲೆ ಇಲ್ಲ, ಆ ಫೋಟೋಗಳಿಗೆ ಬೆಲೆ ಇದೆ. ಪೇಂಟ್ ಹೊಡೆಯುವುದು ಸುಲಭ. ಪೇಂಟಿನ ಒಳಗೆ ಏನಿದೆ ಅನ್ನೋದು ಕೆಲಸ ಮಾಡಿದವನಿಗೆ ಮಾತ್ರ ಗೊತ್ತು.

ಮುಖ್ಯವಾಗಿ ಸಿಲ್ ನೋಡು. ಬಾಗಿಲಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಹೋಗುತ್ತಲ್ಲ, ಆ ಪೆಟ್ಟಿಗೆ ಥರದ ಭಾಗ. ಸ್ಪಿಟ್‌ಫೈರ್‌ಗೆ ಬೇರೆ ಷಾಸಿ (ಬಾಡಿ ಕೂರುವ ಕಬ್ಬಿಣದ ಚೌಕಟ್ಟು) ಇದೆ ನಿಜ, ಆದರೆ ಅದು ಬೆನ್ನೆಲುಬಿನ ಹಾಗೆ ಗಾಡಿಯ ನಡುವೆ ಮಾತ್ರ ಇದೆ. ಪಕ್ಕದ ಭಾರ ಹೊರುವುದು ಸಿಲ್. ಮೇಲೆ ಛಾವಣಿ ಬೇರೆ ಇಲ್ಲ. ಸಿಲ್ ತುಕ್ಕು ಹಿಡಿದರೆ ಗಾಡಿ ನಡುವಲ್ಲಿ ಬಾಗುತ್ತದೆ. ಹೊಸ ಸಿಲ್ ಹಾಕುವಾಗ ಬಾಗಿಲು ಇರುವ ಜಾಗಕ್ಕೆ ಅಡ್ಡ ಕಂಬಿ ವೆಲ್ಡ್ ಮಾಡಿ ಹಿಡಿದಿಟ್ಟುಕೊಂಡು ಆಮೇಲೆ ಹಳೆಯದನ್ನು ಕತ್ತರಿಸಬೇಕು. ಹಾಗೆ ಮಾಡದೆ ಕತ್ತರಿಸಿದರೆ ಬಾಡಿ ಕುಸಿಯುತ್ತದೆ, ಕುಸಿದ ಹಾಗೇ ಹೊಸ ಸಿಲ್ ಅಂಟಿಕೊಳ್ಳುತ್ತದೆ. ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಲೆಸ್ಟರ್_ಅಕ್ಕ
ಶೆಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಎಂಜಿಬಿ, ಅದೂ ಇಂಥದ್ದೇ ಹಳೇ ಬ್ರಿಟಿಷ್ ಗಾಡಿ. ತಗೊಂಡಾಗ ಗಾಡಿ ಚೆಂದ ಇತ್ತು. ಆರು ತಿಂಗಳಾದ ಮೇಲೆ ಪಂಕ್ಚರ್ ಆಗಿ ಜಾಕ್ ಹಾಕಿದ ದಿನ ಬಾಗಿಲು ಮುಚ್ಚಲೇ ಇಲ್ಲ. ಜಾಕ್ ಇಳಿಸಿದರೆ ಮುಚ್ಚುತ್ತೆ, ಏರಿಸಿದರೆ ಸಿಕ್ಕಿಹಾಕಿಕೊಳ್ಳುತ್ತೆ. ಸಿಲ್ ಒಳಗೆ ಏನೂ ಉಳಿದಿರಲಿಲ್ಲ, ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರು ಅಷ್ಟೇ. ಅದನ್ನು ಸರಿ ಮಾಡಿಸಲು ಗಾಡಿಯ ಅರ್ಧ ಬೆಲೆ ಮತ್ತೆ ಹೋಯ್ತು. ಅವತ್ತು ರಸ್ತೆ ಬದಿಯಲ್ಲಿ ನಿಂತು ಅತ್ತಿದ್ದೆ.

ತಮ್ಮಾ, ಒಂದು ಅಯಸ್ಕಾಂತ ತಗೊಂಡು ಹೋಗು, ಫ್ರಿಜ್ ಮೇಲೆ ಅಂಟಿಸುವಂಥದ್ದೇ ಸಾಕು. ಪೇಂಟ್ ಗೀಚದ ಹಾಗೆ ತೆಳು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ, ಹಿಂದಿನ ಚಕ್ರದ ಕಮಾನು ಸುತ್ತಲೂ ಹಿಡಿದು ನೋಡು. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ.

ಓವರ್‌ಡ್ರೈವ್77
11,500 ಕೊಟ್ಟು 56 ವರ್ಷ ದಾಟಿದ ಗಾಡಿ ಯಾಕೆ? ಆ ದುಡ್ಡಿನಲ್ಲಿ ಒಳ್ಳೇ ಮಜ್ದಾ ಎಂಎಕ್ಸ್-5 ಬರುತ್ತೆ. ಅದಕ್ಕೂ ಛಾವಣಿ ತೆಗೆಯಬಹುದು. ಮಳೆ ಬಂದರೆ ಸೋರಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ, ಹೀಟರ್ ಕೆಲಸ ಮಾಡುತ್ತೆ. 75 ಕುದುರೆ ಶಕ್ತಿಯ ಗಾಡಿ ತಗೊಂಡು ಮೋಟರ್‌ವೇಯಲ್ಲಿ ಲಾರಿಗಳ ಮಧ್ಯೆ ಹೇಗೆ ಹೋಗ್ತೀರಾ? ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಕ್ಕಳಿದ್ದರೆ ಇನ್ನೂ ಯೋಚನೆ ಮಾಡಿ.

ಧಾರವಾಡ_ಪೇಢಾ
ಅವರು ಕೇಳಿದ್ದು ಸ್ಪಿಟ್‌ಫೈರ್ ಬಗ್ಗೆ ರೀ.

ಓವರ್‌ಡ್ರೈವ್77
ಗೊತ್ತು. ಆದರೆ ಕೇಳಿದವರಿಗೆ ಎಲ್ಲಾ ದಾರಿ ತೋರಿಸಬೇಕು ಅಲ್ವಾ? ನನ್ನ ಸ್ನೇಹಿತ ಇಂಥದ್ದೇ ಒಂದು ತಗೊಂಡು ಎರಡು ವರ್ಷದಲ್ಲಿ ಹತ್ತು ಸಲ ಓಡಿಸಿದ. ಆಮೇಲೆ ಕಡಿಮೆಗೆ ಮಾರಿದ. ಆಸೆ ಇರಲಿ, ಲೆಕ್ಕವೂ ಇರಲಿ.

ಹಳೇಮೈಸೂರು
ಈ ಗಾಡಿಯ ಹೆಸರು ಕೇಳಿದ ತಕ್ಷಣ ನನಗೆ ನೆನಪಾಗಿದ್ದು ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್. ಸರಸ್ವತಿಪುರಂ ಮನೆಯ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಇಲ್ಲಿನ ಟ್ರಯಂಫ್ ಹೆರಾಲ್ಡ್ ಅನ್ನೇ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಅನ್ನೋ ಹೆಸರಿನಲ್ಲಿ ಮಾಡುತ್ತಿದ್ದರು. 948 ಸಿಸಿ ಎಂಜಿನ್. ನಾಲ್ಕು ಬಾಗಿಲಿನ ಹೆರಾಲ್ಡ್ ಬಂದಿದ್ದು ಭಾರತದಲ್ಲಿ ಮಾತ್ರ, ಇಂಗ್ಲೆಂಡಿನಲ್ಲಿ ಇರಲೇ ಇಲ್ಲ.

ಹೆರಾಲ್ಡ್‌ನ ಬಾನೆಟ್ ಮುಂದಿನ ಎರಡೂ ಮಡ್‌ಗಾರ್ಡ್ ಸಮೇತ ಮುಂದಕ್ಕೆ ವಾಲುತ್ತದೆ. ಭಾನುವಾರ ಅಪ್ಪ ಪಂಚೆ ಎತ್ತಿ ಕಟ್ಟಿ, ಬಾನೆಟ್ ವಾಲಿಸಿ, ಮುಂದಿನ ಟೈರ್ ಮೇಲೆ ಮಣೆ ಮೇಲೆ ಕೂತ ಹಾಗೆ ಕೂತು ಎಂಜಿನ್ ಕೆಲಸ ಮಾಡುತ್ತಿದ್ದರು. ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು, ನಾನು ಉಪ್ಪುಕಾಗದದಲ್ಲಿ ಉಜ್ಜಿ ವಾಪಸ್ ಕೊಡಬೇಕು. ಕೈ ಬಿಸಿಯಾಗುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಸ್ಪಿಟ್‌ಫೈರ್‌ಗೂ ಅದೇ ಬಾನೆಟ್, ಅದೇ ಷಾಸಿ. ಎರಡನ್ನೂ ವಿನ್ಯಾಸ ಮಾಡಿದ್ದು ಇಟಲಿಯ ಜೊವಾನಿ ಮಿಕೆಲೊಟ್ಟಿ. ತಗೊಳ್ಳಪ್ಪಾ, ನಿನಗೆ ದಕ್ಕಲಿ.

ಸ್ಪ್ಯಾನರ್_ಶೆಟ್ಟಿ
ಸರ್, ಓದಿ ಬಹಳ ಖುಷಿಯಾಯ್ತು. ಒಂದು ಸಣ್ಣ ತಿದ್ದುಪಡಿ. ಬಾನೆಟ್ ವಾಲುವ ರೀತಿ ಒಂದೇ, ಸಸ್ಪೆನ್ಷನ್ನೂ ಅದೇ ಜಾತಿ. ಆದರೆ ಷಾಸಿ ಅದೇ ಅಲ್ಲ. ಹೆರಾಲ್ಡ್‌ನದನ್ನು ಆಧಾರ ಮಾಡಿಕೊಂಡು ಎಂಟೂವರೆ ಇಂಚು ಗಿಡ್ಡ ಮಾಡಿದರು, ಹೆರಾಲ್ಡ್‌ಗೆ ಪಕ್ಕದಲ್ಲಿ ಇದ್ದ ಉದ್ದನೆಯ ಕಂಬಿಗಳನ್ನು ತೆಗೆದರು. ಆ ಭಾರ ಸಿಲ್ ಮೇಲೆ ಬಿತ್ತು. ಹೆರಾಲ್ಡ್‌ನಲ್ಲಿ ಸಿಲ್ ಹೋದರೆ ನೋಡೋಕೆ ಕೆಟ್ಟದು, ಸ್ಪಿಟ್‌ಫೈರ್‌ನಲ್ಲಿ ಹೋದರೆ ಗಾಡಿಯೇ ಹೋಯ್ತು. ನಾನು ಮೊದಲ ಉತ್ತರದಲ್ಲೇ ಸಿಲ್ ಸಿಲ್ ಅಂತ ಬಡ್ಕೊಂಡಿದ್ದು ಅದಕ್ಕೇ.

ಹಳೇಮೈಸೂರು
ತಿದ್ದಿದ್ದಕ್ಕೆ ಥ್ಯಾಂಕ್ಸ್ ಶೆಟ್ರೇ. ಇಷ್ಟು ವರ್ಷ ಒಂದೇ ಅಂದುಕೊಂಡಿದ್ದೆ.

ಬ್ರಿಸ್ಟಲ್_ಬೈರ
ಮುಂದಿನ ಚಕ್ರದ ಟ್ರನಿಯನ್ ನೋಡೋದು ಮರೀಬೇಡಿ. ಗ್ರೀಸ್ ಹೊಡೆದಿದ್ದಾರಾ ಕೇಳಿ.

ಸ್ಪ್ಯಾನರ್_ಶೆಟ್ಟಿ
ಗ್ರೀಸ್ ಅಲ್ಲ! ಟ್ರನಿಯನ್‌ಗೆ ಹಾಕಬೇಕಾದ್ದು ಗೇರ್ ಆಯಿಲ್, ಇಪಿ90. ಕಂಪನಿಯ ಕೈಪಿಡಿಯಲ್ಲೇ ಹಾಗೆ ಇದೆ.

ಬ್ರಿಸ್ಟಲ್_ಬೈರ
ನಾನು ನನ್ನ ಹೆರಾಲ್ಡ್‌ಗೆ ಹನ್ನೆರಡು ವರ್ಷದಿಂದ ಗ್ರೀಸ್ ಹೊಡೆಯುತ್ತಿದ್ದೇನೆ, ಏನೂ ಆಗಿಲ್ಲ. ಎಣ್ಣೆ ಹಾಕಿದರೆ ಎರಡೇ ದಿನಕ್ಕೆ ಸೋರಿ ನೆಲಕ್ಕೆ ಬೀಳುತ್ತೆ.

ಸ್ಪ್ಯಾನರ್_ಶೆಟ್ಟಿ
ಸೋರಿದರೆ ಕೆಳಗಿನ ಮುಚ್ಚಳ ಅಥವಾ ಸೀಲ್ ಹೋಗಿದೆ ಅಂತ ಅರ್ಥ, ಅದನ್ನು ಸರಿ ಮಾಡಿಸಬೇಕು. ಟ್ರನಿಯನ್ ಅಂದರೆ ಹಿತ್ತಾಳೆ ಬಣ್ಣದ ಒಂದು ತುಂಡು. ಚಕ್ರ ಹಿಡಿದಿರುವ ಉಕ್ಕಿನ ಕಂಬದ ತುದಿ ಸ್ಕ್ರೂ ಥರ ಅದರೊಳಗೆ ಕೂತಿರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯಲ್ಲೇ (ಸ್ಕ್ರೂವಿನ ಸುತ್ತುಗೆರೆಗಳಲ್ಲೇ) ತಿರುಗುವುದು. ಎಣ್ಣೆ ಮರೆಯ ಸಂದಿಗೆ ಇಳಿಯುತ್ತೆ. ಗ್ರೀಸ್ ಮೇಲೆಮೇಲೆ ಕೂತು ಒಣಗುತ್ತೆ, ಕೆಳಗೆ ನೀರು ಸೇರಿ ಕಂಬದ ಮರೆಗೆ ತುಕ್ಕು ಹಿಡಿಯುತ್ತೆ. ಒಂದು ದಿನ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತೆ. ಪಾರ್ಕಿಂಗ್‌ನಲ್ಲಿ ಆದರೆ ಪುಣ್ಯ. ನಾನು ಕಣ್ಣಾರೆ ನೋಡಿದ್ದೇನೆ ಬೈರಣ್ಣ, ಜಗಳಕ್ಕೆ ಹೇಳುತ್ತಿಲ್ಲ. ನಿಮ್ಮದನ್ನೂ ಒಮ್ಮೆ ಬಿಚ್ಚಿಸಿ ನೋಡಿ.

ಹಳೇಮೈಸೂರು
ಅಪ್ಪ ಎಣ್ಣೆಯನ್ನೇ ಹಾಕುತ್ತಿದ್ದರು. ಒಂದು ಸಣ್ಣ ಪಿಚಕಾರಿ ಥರದ ಎಣ್ಣೆಗನ್ ಇತ್ತು. ಕೆಳಗಿನಿಂದ ಹಳೇ ಎಣ್ಣೆ ತೊಟ್ಟಿಕ್ಕುವವರೆಗೆ ಒತ್ತುತ್ತಿದ್ದರು.

ಬ್ರಿಸ್ಟಲ್_ಬೈರ
ಸರಿ, ಈ ವಾರಾಂತ್ಯ ಬಿಚ್ಚಿಸುತ್ತೇನೆ. ಆದರೂ ಗ್ರೀಸಿನವರು ಬಹಳ ಜನ ಇದ್ದಾರೆ ಅನ್ನೋದು ನೆನಪಿರಲಿ.

ಗೇರ್_ಗೌಡ
ಯಾರೂ ಥ್ರಸ್ಟ್ ವಾಷರ್ ವಿಷಯ ಎತ್ತಲಿಲ್ಲವಲ್ಲ. ಸ್ಪಿಟ್‌ಫೈರ್ ಎಂಜಿನ್ ನೋಡುವಾಗ ನಾನು ಮೊದಲು ಮಾಡುವುದು ಇದನ್ನೇ. ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಜಾರದ ಹಾಗೆ ಅರ್ಧಚಂದ್ರದ ಎರಡು ತೆಳು ವಾಷರ್ ಹಿಡಿದುಕೊಂಡಿರುತ್ತವೆ. ಸವೆದರೆ ಅವು ಉದುರಿ ಕೆಳಗೆ ಆಯಿಲ್ ಸಂಪ್‌ಗೆ ಬೀಳುತ್ತವೆ, ಆಮೇಲೆ ಕ್ರ್ಯಾಂಕ್ ಬ್ಲಾಕನ್ನೇ ಕೊರೆಯುತ್ತದೆ. ಎಂಜಿನ್ ಕಥೆ ಮುಗೀತು.

ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ. ಜೊತೆಗೆ ಬಂದವರಿಗೆ ಕ್ಲಚ್ ಒತ್ತಿ ಬಿಡಲು ಹೇಳಿ. ನೀವು ಬಾನೆಟ್ ವಾಲಿಸಿ ಮುಂದಿನ ಪುಲ್ಲಿಯನ್ನೇ ನೋಡುತ್ತಿರಿ. ಕ್ಲಚ್ ಒತ್ತಿದಾಗ ಪುಲ್ಲಿ ಮುಂದೆ ಸರಿದದ್ದು ಕಣ್ಣಿಗೆ ಕಾಣಬಾರದು. ಕಂಡರೆ ಮನೆಗೆ ಹೊರಡಿ.

ಇನ್ನೊಂದು. ಹೋಗುವ ಮೊದಲೇ ಫೋನ್ ಮಾಡಿ ಎಂಜಿನ್ ಬಿಸಿ ಮಾಡಿಡಬೇಡಿ ಅಂತ ಹೇಳಿ. ಹೋದ ತಕ್ಷಣ ಕೈಯಿಟ್ಟು ನೋಡಿ. ತಣ್ಣಗಿನ ಎಂಜಿನ್ ಹೇಗೆ ಶುರುವಾಗುತ್ತೆ, ಹೊಗೆ ಯಾವ ಬಣ್ಣ, ಕೆಳಗೆ ಕುಟ್ಟುವ ಶಬ್ದ ಬರುತ್ತಾ, ಎಲ್ಲಾ ಆಗ ಗೊತ್ತಾಗುತ್ತೆ.

ಓವರ್‌ಡ್ರೈವ್77
ಹಿಂದಿನ ಸಸ್ಪೆನ್ಷನ್ ಬಗ್ಗೆ ಯಾಕೆ ಎಲ್ಲರೂ ಸುಮ್ನೆ ಇದ್ದೀರಾ? ಅದು ಸ್ವಿಂಗ್ ಆಕ್ಸಲ್, ಅಂದರೆ ಚಕ್ರ ಮೇಲೆ ಕೆಳಗೆ ಹೋದಾಗ ಅದರ ಓರೆಯೂ ಬದಲಾಗುತ್ತೆ. ತಿರುವಿನಲ್ಲಿ ವೇಗವಾಗಿ ಹೋಗಿ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಂಡು ಗಾಡಿ ತಿರುಗಿಬಿಡುತ್ತೆ. ಮಳೆಯಲ್ಲಿ ಕೇಳಲೇಬೇಡಿ. ಹೊಸಬರಿಗೆ ಇದನ್ನು ಹೇಳದೆ ಇರೋದು ತಪ್ಪು.

ಗೇರ್_ಗೌಡ
ಇದನ್ನು ಒಪ್ಪುತ್ತೇನೆ. 1970ರ ಕೊನೆಗೆ ಮಾರ್ಕ್ 4 ಬಂದಾಗ ಲೀಫ್ ಸ್ಪ್ರಿಂಗ್ ಕೂರಿಸುವ ರೀತಿ ಬದಲಾಯಿಸಿ ಬಹಳ ಮಟ್ಟಿಗೆ ಸರಿ ಮಾಡಿದರು. ಮಾರ್ಕ್ 3ಕ್ಕೂ ಆ ಸ್ಪ್ರಿಂಗ್ ಹಾಕಿಸಿದವರು ತುಂಬಾ ಜನ ಇದ್ದಾರೆ. ಮಾರುವವರನ್ನು ಕೇಳಿ, ಹಾಕಿಸಿದ್ದರೆ ಒಳ್ಳೇದು. ಹಾಕಿಸಿಲ್ಲದಿದ್ದರೂ ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟುಕೊಂಡರೆ ಭಯ ಇಲ್ಲ.

ಲೆಸ್ಟರ್_ಅಕ್ಕ
ಕಾಗದ ಪತ್ರದ ವಿಷಯ ನಾನು ಹೇಳುತ್ತೇನೆ. 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ, ಆದರೆ ವರ್ಷ ವರ್ಷ ಸೊನ್ನೆ ಪೌಂಡಿಗೆ ಟ್ಯಾಕ್ಸ್ ಮಾಡಲೇಬೇಕು. ಲಾಗ್‌ಬುಕ್‌ನಲ್ಲಿ (ನಮ್ಮೂರಿನ ಆರ್‌ಸಿ ಬುಕ್ ಥರದ್ದು) ಹಿಸ್ಟಾರಿಕ್ ಅಂತ ಇದೆಯಾ ನೋಡು. 2018ರ ಮೇ ತಿಂಗಳಿಂದ ಎಂಒಟಿ (ಗಾಡಿ ರಸ್ತೆಗೆ ಯೋಗ್ಯವಾ ಅನ್ನೋ ವಾರ್ಷಿಕ ಪರೀಕ್ಷೆ) ಕೂಡ ಕಡ್ಡಾಯ ಅಲ್ಲ, ಗಾಡಿಯನ್ನು ತೀರಾ ಬದಲಾಯಿಸಿರದಿದ್ದರೆ. ಆದರೆ ನಾವು ಈಗಲೂ ಪ್ರತಿ ವರ್ಷ ಮಾಡಿಸುತ್ತೇವೆ. ಬೇರೆಯವರ ಕಣ್ಣು ಬಿದ್ದರೆ ನಮಗೆ ಕಾಣದ್ದು ಕಾಣುತ್ತೆ. ನಂಬರ್ ಹಾಕಿದರೆ ಹಳೇ ಎಂಒಟಿ ವಿವರ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ, ಹೋಗುವ ಮೊದಲು ಓದಿಕೊಂಡು ಹೋಗು. "ಸಿಲ್ ತುಕ್ಕು" ಅಂತ ಯಾವ ವರ್ಷ ಬರೆದಿದ್ದಾರೆ, ಆಮೇಲೆ ಯಾವ ವರ್ಷ ಮಾಯವಾಯ್ತು ಅಂತ ಗೊತ್ತಾಗುತ್ತೆ.

ಇನ್ಶೂರೆನ್ಸ್ ಮಾಡಿಸುವಾಗ ಬೆಲೆಯನ್ನು ಮೊದಲೇ ಒಪ್ಪಿ ಬರೆಸಿಕೊ. ಇಲ್ಲದಿದ್ದರೆ ಅಪಘಾತ ಆದಾಗ ಅವರು ಹೇಳಿದ್ದೇ ಬೆಲೆ. ಪೆಟ್ರೋಲ್ ಇ5 (ಎಥೆನಾಲ್ ಕಡಿಮೆ ಇರುವುದು) ಹಾಕು. 2021ರಿಂದ ಬಂಕಿನಲ್ಲಿ ಮಾಮೂಲಿ ಸಿಗುವುದು ಇ10, ಅದರ ಎಥೆನಾಲ್ ಹಳೇ ರಬ್ಬರ್ ಪೈಪ್ ತಿನ್ನುತ್ತೆ. ನಮ್ಮ ಗಾಡಿಯಲ್ಲಿ ಪೈಪ್ ಬಿರುಕು ಬಿಟ್ಟು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ವಾಸನೆ ಬಂದು ನಿಲ್ಲಿಸಿದ್ದಕ್ಕೆ ಬಚಾವಾದೆವು.

ಗೇರ್_ಗೌಡ
ಅಕ್ಕ ಪೆಟ್ರೋಲ್ ಅಂದಿದ್ದಕ್ಕೆ ಇದೂ ಸೇರಲಿ. ಈ ಎಂಜಿನ್ ಸೀಸ ಇರುವ ಪೆಟ್ರೋಲ್ ಕಾಲದ್ದು. ಆ ಸೀಸವೇ ವಾಲ್ವ್ ಸೀಟ್ ಸವೆಯದ ಹಾಗೆ ಕಾಯುತ್ತಿತ್ತು. ಇಲ್ಲಿ ಅದು 2000ದ ಹೊತ್ತಿಗೆ ಬಂಕಿನಿಂದ ಹೋಯ್ತು. ಸಿಲಿಂಡರ್ ಹೆಡ್‌ಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದಾರಾ, ಬಿಲ್ ಇದೆಯಾ ಕೇಳಿ.

ಮಂಡ್ಯದ_ಮಗ
ನಡುವೆ ಬಾಯಿ ಹಾಕುತ್ತಿದ್ದೇನೆ. ಈ ಗಾಡಿಗೆ ಸ್ಪಿಟ್‌ಫೈರ್ ಅಂತ ಹೆಸರು ಬಂದದ್ದು ಎರಡನೇ ಮಹಾಯುದ್ಧದ ವಿಮಾನದಿಂದ ತಾನೇ? ಆ ವಿಮಾನಕ್ಕೂ ನಮ್ಮ ಮೈಸೂರಿಗೂ ಸಂಬಂಧ ಇದೆ, ಎಷ್ಟು ಜನಕ್ಕೆ ಗೊತ್ತು? ಬ್ರಿಟನ್ನಿನ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಅಂತ ಒಂದಿತ್ತು. 1941ರಲ್ಲಿ ಅದನ್ನು ಮತ್ತೆ ಕಟ್ಟಿದಾಗ ಸ್ಪಿಟ್‌ಫೈರ್ ವಿಮಾನ ಕೊಟ್ಟರು. ಮೈಸೂರಿನ ದೇಣಿಗೆಯ ನೆನಪಿಗೆ ಅದಕ್ಕೆ ಮೈಸೂರು ಸ್ಕ್ವಾಡ್ರನ್ ಅಂತಲೇ ಹೆಸರು. ಅದರ ಲಾಂಛನದಲ್ಲಿ ಇರುವುದು ನಮ್ಮ ಗಂಡಭೇರುಂಡ!

ಹಳೇಮೈಸೂರು
ನನಗೆ ಗೊತ್ತಿರಲಿಲ್ಲ. ಓದುತ್ತಾ ಮೈ ಜುಂ ಅಂತು.

ಧಾರವಾಡ_ಪೇಢಾ
ಹಂಗಾದ್ರ ಡ್ಯಾಶ್‌ಬೋರ್ಡ್ ಮೇಲೆ ಒಂದು ಸಣ್ಣ ಗಂಡಭೇರುಂಡ ಇರಲೇಬೇಕು ನೋಡ್ರಿ.

ಸ್ಪ್ಯಾನರ್_ಶೆಟ್ಟಿ
ಮಾರ್ಕ್ 3ರ ಡ್ಯಾಶ್‌ಬೋರ್ಡ್‌ನಲ್ಲಿ ಮೀಟರ್‌ಗಳು ಮಧ್ಯದಲ್ಲಿ ಮರದ ಹಲಗೆ ಮೇಲೆ ಇರುತ್ತವೆ. ಆ ಹಲಗೆಗೆ ದಯವಿಟ್ಟು ಏನೂ ಅಂಟಿಸಬೇಡಿ. ಕೀ ಬಂಚ್‌ಗೆ ಹಾಕಿಕೊಳ್ಳಿ.

ಮಂಡ್ಯದ_ಮಗ
ಗಾಡಿಯ ಕಥೆಯೂ ಚೆನ್ನಾಗಿದೆ. ಮಿಕೆಲೊಟ್ಟಿ ಮಾದರಿ ಗಾಡಿ ಮಾಡಿ ಕೊಟ್ಟ ಹೊತ್ತಿಗೆ ಕಂಪನಿ ಹತ್ತಿರ ದುಡ್ಡಿರಲಿಲ್ಲ. ಫ್ಯಾಕ್ಟರಿಯ ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು. 1961ರಲ್ಲಿ ಲೇಲ್ಯಾಂಡ್ ಕಂಪನಿ ಕೊಂಡುಕೊಂಡಾಗ ಅವರ ಕಡೆಯವರು ಫ್ಯಾಕ್ಟರಿ ಸುತ್ತುವಾಗ ಬಟ್ಟೆ ಎತ್ತಿ ನೋಡಿದರು, ಅಲ್ಲೇ ಮೆಚ್ಚಿಕೊಂಡರು. 1962ರಲ್ಲಿ ಮಾರುಕಟ್ಟೆಗೆ ಬಂತು, 1980ರವರೆಗೆ ಮೂರು ಲಕ್ಷಕ್ಕಿಂತ ಜಾಸ್ತಿ ಗಾಡಿ ಹೊರಬಂದವು.

ಓವರ್‌ಡ್ರೈವ್77
ಮೂರು ಲಕ್ಷ ಮಾಡಿದ್ದಾರೆ ಅಂದ ಮೇಲೆ ಅಪರೂಪದ್ದೇನಲ್ಲ. ಅದಕ್ಕೇ 11,500 ಜಾಸ್ತಿ ಅಂತ ನನ್ನ ವಾದ.

ಸ್ಪ್ಯಾನರ್_ಶೆಟ್ಟಿ
ಅಪರೂಪ ಅಲ್ಲದಿರುವುದೇ ಒಳ್ಳೇದು ಮಾರಾಯ. ಬಿಡಿಭಾಗ ಬಹುತೇಕ ಎಲ್ಲಾ ಸಿಗುತ್ತೆ, ಬೆಲೆಯೂ ಕೈಗೆಟುಕುತ್ತೆ. ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಇದೆ, ಹೆರಾಲ್ಡ್, ಸ್ಪಿಟ್‌ಫೈರ್ ಎಲ್ಲಾ ಅವರದೇ. ಕಷ್ಟ ಅಂದರೆ ಸಹಾಯಕ್ಕೆ ಜನ ಸಿಗುತ್ತಾರೆ. ಬೆಲೆ ಮಾತು ಗಾಡಿ ನೋಡಿದ ಮೇಲೆ.

ಕೊವೆಂಟ್ರಿ_ಹುಡುಗ
ನೋಡಿಕೊಂಡು ಬಂದೆ! ನೀವೆಲ್ಲ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹೆಂಡತಿಯೂ ಬಂದಿದ್ದಳು. ಮಾರುತ್ತಿರುವವರು ನಿವೃತ್ತರು, ಎಪ್ಪತ್ತು ದಾಟಿದೆ. ಬೆನ್ನು ನೋವು, ಅಷ್ಟು ತಗ್ಗಿನ ಗಾಡಿಗೆ ಹತ್ತಿ ಇಳಿಯುವುದು ಆಗುತ್ತಿಲ್ಲ, ಅದಕ್ಕೆ ಮಾರುತ್ತಿದ್ದಾರೆ.

ಎಂಜಿನ್ ತಣ್ಣಗಿತ್ತು, ಕೈಯಿಟ್ಟು ನೋಡಿದೆ. ಚೋಕ್ ಎಳೆದು ಎರಡನೇ ಸಲಕ್ಕೆ ಶುರುವಾಯ್ತು. ನೀಲಿ ಹೊಗೆ ಇಲ್ಲ. ಹೆಂಡತಿ ಕ್ಲಚ್ ಒತ್ತುತ್ತಾ ಬಿಡುತ್ತಾ ಇದ್ದಳು, ನಾನು ಮಂಡಿಯೂರಿ ಪುಲ್ಲಿ ನೋಡುತ್ತಿದ್ದೆ. ಅಲುಗಾಡಲಿಲ್ಲ ಗೌಡ್ರೇ. ಆ ಅಜ್ಜನೂ ನನ್ನ ಪಕ್ಕದಲ್ಲೇ ಬಗ್ಗಿ ನೋಡಿ, ಇದನ್ನು ಪರೀಕ್ಷೆ ಮಾಡಿದ ಮೊದಲನೇ ಗಿರಾಕಿ ನೀನೇ ಅಂದರು.

ಬಾಗಿಲಿನ ಸಂದಿಗೆ ಬೆರಳ ತುದಿ ಇಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದೆ. ಎರಡೂ ಕಡೆ ಒಂದೇ ಅಗಲ. ಜಾಕ್ ಏರಿಸಿ ಬಾಗಿಲು ತೆಗೆದು ಮುಚ್ಚಿದೆ, ಮುಚ್ಚಿತು. ಅಯಸ್ಕಾಂತ ಎಲ್ಲಾ ಕಡೆ ಹಿಡಿಯಿತು, ಎಡಗಡೆ ಹಿಂದಿನ ಚಕ್ರದ ಕಮಾನಿನ ಕೆಳಗೆ ಮಾತ್ರ ಒಂದು ಅಂಗೈಯಷ್ಟು ಜಾಗದಲ್ಲಿ ಜಾರಿ ಬಿತ್ತು.

ಆಮೇಲೆ ಅವರು ಒಂದು ದಪ್ಪ ಫೈಲ್ ತಂದರು. ನೂರಕ್ಕೂ ಹೆಚ್ಚು ಫೋಟೋ. ಬಾಡಿ ಎತ್ತಿ ಷಾಸಿ ಬೇರೆ ಮಾಡಿದ್ದು, ಬಾಗಿಲ ಜಾಗಕ್ಕೆ ಅಡ್ಡ ಕಂಬಿ ವೆಲ್ಡ್ ಮಾಡಿದ್ದು, ಎಲ್ಲಾ ಇದೆ ಶೆಟ್ರೇ! ನಾಲ್ಕು ಚಳಿಗಾಲ ಅವರೇ ಕೂತು ಮಾಡಿದ್ದಾರೆ. ಜಾಹೀರಾತಿನಲ್ಲಿ ಯಾಕೆ ಹಾಕಲಿಲ್ಲ ಅಂದರೆ, ಮಗಳು ಫೋನಿನಲ್ಲಿ ಹಾಕಿದ್ದಂತೆ, ಈ ಫೋಟೋಗಳೆಲ್ಲ ಕಾಗದದ ಮೇಲಿನವು.

ಇನ್ನು ಸರಿ ಇಲ್ಲದ್ದು. ಟ್ರನಿಯನ್‌ಗೆ ಗ್ರೀಸ್ ನಿಪ್ಪಲ್ ಹಾಕಿದ್ದಾರೆ, ಸುತ್ತ ಒಣಗಿದ ಗ್ರೀಸ್. ಟೈರ್ ನೋಡೋಕೆ ಹೊಸದು, ಆದರೆ ಪಕ್ಕದ ನಂಬರ್ 2311 ಅಂತಿದೆ, ಅಂದರೆ 2011ರ 23ನೇ ವಾರದ್ದು. ಚಕ್ರ ಎತ್ತಿ ಬ್ರೇಕ್ ಒತ್ತಿ ಅಲ್ಲಾಡಿಸಿದಾಗ ಹಿಂದಿನ ಬಲಗಡೆ ವೈರ್ ವೀಲ್ 'ಟಕ್' ಅಂತು. ಹಿಂದಿನ ಸ್ಪ್ರಿಂಗ್ ಹಳೇ ಥರದ್ದೇ. ಎಂಜಿನ್ ನಂಬರ್ ಎಫ್‌ಎಚ್ ಅಂತ ಶುರುವಾಗುತ್ತೆ. ಕೆಂಪು ಬಣ್ಣ ಮೂಲದ್ದಲ್ಲ. ಡಿಕ್ಕಿಯ ಕಾರ್ಪೆಟ್ ಎತ್ತಿದರೆ ಮೂಲೆಯಲ್ಲಿ ಒಂದು ಬೆರಳಷ್ಟು ಕಡು ಹಸಿರು ಉಳಿದಿದೆ. ಏನು ಮಾಡಲಿ?

ಗೇರ್_ಗೌಡ
ಮಾರ್ಕ್ 3ಕ್ಕೆ ಎಫ್‌ಡಿ ಇರಬೇಕಿತ್ತು. ಎಫ್‌ಎಚ್ ಅಂದರೆ ಆಮೇಲಿನ ಗಾಡಿಯ ಎಂಜಿನ್. ಓಡಿಸಲು ತೊಂದರೆ ಇಲ್ಲ, ಬೆಲೆಗೆ ತೊಂದರೆ. ಲಾಗ್‌ಬುಕ್‌ನಲ್ಲಿ ಯಾವ ನಂಬರ್ ಇದೆ ನೋಡಿ, ಎರಡೂ ಒಂದೇ ಇರಬೇಕು. 1296 ಸಿಸಿಯದ್ದೋ 1500ದ್ದೋ ಅದನ್ನೂ ನಂಬರ್ ನೋಡಿ ಕ್ಲಬ್ಬಿನವರ ಹತ್ತಿರ ಖಚಿತ ಮಾಡಿಕೊಳ್ಳಿ.

ಲೆಸ್ಟರ್_ಅಕ್ಕ
ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿ ಟ್ರಯಂಫ್‌ನ ಹಳೇ ದಾಖಲೆ ಇವೆ. ದುಡ್ಡು ಕಟ್ಟಿದರೆ ಗಾಡಿ ಯಾವ ದಿನ ತಯಾರಾಯ್ತು, ಮೂಲ ಬಣ್ಣ ಯಾವುದು, ಎಲ್ಲಿಗೆ ಹೋಯ್ತು ಅಂತ ಪ್ರಮಾಣಪತ್ರ ಕೊಡುತ್ತಾರೆ. ಕೊವೆಂಟ್ರಿಯಿಂದ ದೂರವೂ ಇಲ್ಲ. ಆ ಹಸಿರು ಬಹುಶಃ ಕಾನಿಫರ್ ಗ್ರೀನ್ ಇರಬೇಕು, ಬಹಳ ಚೆಂದದ ಬಣ್ಣ.

ಓವರ್‌ಡ್ರೈವ್77
ಬೇರೆ ಎಂಜಿನ್, ಬೇರೆ ಬಣ್ಣ, ಹಳೇ ಟೈರ್. ಇದನ್ನು "ಕೈ ಹಾಕುವ ಕೆಲಸ ಇಲ್ಲ" ಅನ್ನುತ್ತಾರಾ? ನಾನಾಗಿದ್ದರೆ ಬಿಡುತ್ತಿದ್ದೆ.

ಸ್ಪ್ಯಾನರ್_ಶೆಟ್ಟಿ
ನಾನಾಗಿದ್ದರೆ ಬಿಡುತ್ತಿರಲಿಲ್ಲ. ಎಂಜಿನ್ ಬದಲಾಗಬಹುದು, ಬಣ್ಣ ಬದಲಾಗಬಹುದು. ನೆಟ್ಟಗೆ ನಿಂತ ಬಾಡಿ ಸಿಗುವುದು ಕಷ್ಟ. ಅದಕ್ಕೆ ಸಾಕ್ಷಿಯಾಗಿ ಫೋಟೋ ಸಿಗುವುದು ಇನ್ನೂ ಕಷ್ಟ. ಆ ಅಜ್ಜ ನಾಲ್ಕು ಚಳಿಗಾಲ ಗ್ಯಾರೇಜಿನಲ್ಲಿ ಕಳೆದಿದ್ದಾರೆ, ಅದಕ್ಕೆ ಗೌರವ ಕೊಟ್ಟು ಮಾತಾಡು. ಆದರೆ ಪಟ್ಟಿ ಮಾಡಿ ತೋರಿಸು. ನಾಲ್ಕು ಟೈರ್, ಎರಡೂ ಕಡೆ ಟ್ರನಿಯನ್ ಮತ್ತು ಕಂಬ, ವೈರ್ ವೀಲ್ ಮತ್ತು ಅದು ಕೂರುವ ಹಬ್, ಹಿಂದಿನ ಸ್ಪ್ರಿಂಗ್. 9,000ದಿಂದ ಶುರು ಮಾಡು. ಟ್ರನಿಯನ್ ಬದಲಾಗುವವರೆಗೆ ಗಾಡಿ ಓಡಿಸಿಕೊಂಡು ಬರಬೇಡ, ಟ್ರೈಲರ್ ಮೇಲೆ ತಾ. ನನ್ನ ಹತ್ತಿರ ಟ್ರೈಲರ್ ಇದೆ.

ಬ್ರಿಸ್ಟಲ್_ಬೈರ
ಟ್ರನಿಯನ್ ಬಿಚ್ಚಿಸಿದೆ. ಬಲಗಡೆ ಕಂಬದ ಕೆಳಗಿನ ನಾಲ್ಕು ಮರೆ ತುಕ್ಕು ತಿಂದು ಹೋಗಿದೆ. ಶೆಟ್ರೇ, ಕೈ ಮುಗಿಯುತ್ತೇನೆ. ಇದೇ ಗಾಡಿಯಲ್ಲಿ ಹೋದ ತಿಂಗಳು ಮಕ್ಕಳನ್ನು ಕೂರಿಸಿಕೊಂಡು ವೇಲ್ಸ್‌ಗೆ ಹೋಗಿ ಬಂದಿದ್ದೆ.

ಸ್ಪ್ಯಾನರ್_ಶೆಟ್ಟಿ
ದೇವರು ದೊಡ್ಡವನು ಬೈರಣ್ಣ. ಎರಡೂ ಕಡೆ ಬದಲಾಯಿಸಿ.

ಹಳೇಮೈಸೂರು
ಕೆಂಪಿನ ವಿಷಯಕ್ಕೆ ಒಂದು ಮಾತು. ಹಸಿರು ಮಾಡಿಸಬೇಕು ಅಂತ ಈಗಲೇ ಹೊರಡಬೇಡಪ್ಪಾ. ಅವರು ಇಷ್ಟಪಟ್ಟು ಹೊಡೆದ ಕೆಂಪು ಕೂಡ ಆ ಗಾಡಿಯ ಚರಿತ್ರೆಯೇ. ಡಿಕ್ಕಿ ಮೂಲೆಯ ಹಸಿರನ್ನು ಹಾಗೇ ಉಳಿಸಿಕೊ.

ಕೊವೆಂಟ್ರಿ_ಹುಡುಗ
ಮಾತು ಮುಗಿಯಿತು. 9,600ಕ್ಕೆ ಒಪ್ಪಿದರು. ಪಟ್ಟಿ ತೋರಿಸಿದಾಗ ಒಂದೊಂದಕ್ಕೂ ತಲೆ ಆಡಿಸಿದರು, ಗ್ರೀಸ್ ವಿಷಯಕ್ಕೆ ಮಾತ್ರ ಸ್ವಲ್ಪ ವಾದ ಮಾಡಿದರು. ಲಾಗ್‌ಬುಕ್‌ನಲ್ಲಿ ಎಂಜಿನ್ ನಂಬರ್ ಸರಿಯಾಗಿ ತಿದ್ದಿಸಿದ್ದಾರೆ, ಕ್ಲಬ್ಬಿನವರು ಅದು 1296 ಸಿಸಿಯದ್ದೇ ಅಂದರು. ಸಿಲಿಂಡರ್ ಹೆಡ್ ಕೆಲಸದ ಬಿಲ್ಲೂ ಸಿಕ್ಕಿತು. ಫೈಲ್, ಹಳೇ ಕೈಪಿಡಿ, ವೈರ್ ವೀಲ್ ಬಿಚ್ಚುವ ತಾಮ್ರದ ಸುತ್ತಿಗೆ, ಎಲ್ಲಾ ಕೊಡುತ್ತಾರಂತೆ. ಓವರ್‌ಡ್ರೈವ್ ಅವರೇ, ನಿಮ್ಮ ಮಾತು ಮರೆತಿಲ್ಲ. ಮೋಟರ್‌ವೇಗೆ ತಗೊಂಡು ಹೋಗಲ್ಲ, ಆಫೀಸಿಗೆ ಮಾಮೂಲಿ ಕಾರೇ ಇರುತ್ತೆ.

ಶೆಟ್ರೇ, ಮುಂದಿನ ಭಾನುವಾರ ಟ್ರೈಲರ್ ಸಿಗುತ್ತಾ? ಬರುವಾಗ ಕ್ಯಾನ್ಲಿ ಮೇಲೆ ಹಾಯ್ದು ಬರೋಣ. ಫ್ಯಾಕ್ಟರಿ ಇದ್ದ ಜಾಗದಲ್ಲಿ ಈಗ ಬಿಸಿನೆಸ್ ಪಾರ್ಕ್ ಇದೆ, ಅಲ್ಲಿನ ಒಂದು ರಸ್ತೆಗೆ ಹೆರಾಲ್ಡ್ ಅವೆನ್ಯೂ ಅಂತ ಹೆಸರಿಟ್ಟಿದ್ದಾರೆ. ಆ ಬೋರ್ಡಿನ ಕೆಳಗೆ ನಿಲ್ಲಿಸಿ ಹಳೇಮೈಸೂರು ಸರ್‌ಗೆ ಒಂದು ಫೋಟೋ ಕಳಿಸಬೇಕು.

ಓವರ್‌ಡ್ರೈವ್77
9,600 ಒಳ್ಳೇ ಬೆಲೆ, ಒಪ್ಪಿದೆ. ಹಿಂದಿನ ಸ್ಪ್ರಿಂಗ್ ಮೊದಲು ಬದಲಾಯಿಸಿ, ಮಳೆಗಾಲಕ್ಕೆ ಮುಂಚೆ.

ಸ್ಪ್ಯಾನರ್_ಶೆಟ್ಟಿ
ಭಾನುವಾರ ಎಂಟು ಗಂಟೆಗೆ ನಿನ್ನ ಮನೆ ಮುಂದೆ ಇರುತ್ತೇನೆ. ಇಪಿ90 ಒಂದು ಲೀಟರ್ ತಗೊಂಡಿರು.

ಹಳೇಮೈಸೂರು
ಬಾನೆಟ್ ವಾಲಿಸಿ ತೆಗೆದ ಫೋಟೋನೂ ಒಂದು ಕಳಿಸಪ್ಪಾ.